ಆರೂವರೆಯ ತಟ್ಟೆ

ಮೇಸ್ತ್ರಿ ತಮ್ಮ ಮನೆಯ ಊಟದ ಮೇಜನ್ನು ತಾವೇ ಮಾಡಿದ್ದರು. ಮರಗೆಲಸದಲ್ಲಿ ಅವರನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ, ಆ ಮಾತನ್ನು ಶತ್ರುಗಳೂ ಒಪ್ಪುತ್ತಿದ್ದರು. ಮೇಜಿನಲ್ಲಿ ಹುಡುಕಿದರೂ ಒಂದು ಮೊಳೆ ಕಾಣದು, ಹಲಗೆ ಕೂಡಿದ ಕಡೆ ಉಗುರು ತೂರದು. ಸುತ್ತ ಆರು ಕುರ್ಚಿ. ಅವುಗಳಲ್ಲಿ ಒಂದಕ್ಕೆ ಮಾತ್ರ ಕೈಗಳಿದ್ದವು. ಆ ಕುರ್ಚಿ ಯಾರದು ಎಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರಾತ್ರಿ ಎಂಟೂವರೆಗೆ ಮೇಸ್ತ್ರಿ ಕೈತೊಳೆದು ಬಂದು ಅದರಲ್ಲಿ ಕೂತರೆಂದರೆ ಉಳಿದವರು ಕೂರಬಹುದು, ಬಡಿಸಲು ನಿಂತಿರುವ ಹೆಂಡತಿಯ ಹೊರತು. ಮೊದಲ ತುತ್ತು ಅವರದು, ಮೊದಲ ಮಾತೂ ಅವರದು, ನಿಜ ಹೇಳಬೇಕೆಂದರೆ ಕೊನೆಯ ಮಾತೂ ಅವರದೇ. ಊಟದ ಜೊತೆಗೆ ವಿಚಾರಣೆ ನಡೆಯುತ್ತಿತ್ತು. ಮೊದಲು ಹೆಂಡತಿಯ ಸರದಿ.

“ಉಪ್ಪೆಲ್ಲಿ? ಸಮುದ್ರದಲ್ಲೇ ಬಿಟ್ಟು ಬಂದ್ಯಾ?”

ಆಮೇಲೆ ಮಗ. ನಲ್ಲಿ, ಕೊಳವೆ ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ಒಂದು ಸಲ, ಒಂದೇ ಒಂದು ಸಲ, ಸ್ವಂತಕ್ಕೊಂದು ಅಂಗಡಿ ಹಾಕುವ ಆಸೆಯಿದೆ ಎಂದು ಬಾಯಿಬಿಟ್ಟಿದ್ದ.

“ನೀನು? ಅಂಗಡಿ? ಮೊದ್ಲು ಶರ್ಟಿನ ಗುಂಡಿ ಸರಿಯಾಗಿ ಹಾಕ್ಕೊಳೋದು ಕಲಿ,” ಎಂದಿದ್ದರು ಮೇಸ್ತ್ರಿ. ಗುಂಡಿ ಸರಿಯಾಗಿಯೇ ಇತ್ತು. ಆದರೂ ಮಗ ಬಗ್ಗಿ ನೋಡಿಕೊಂಡ. ಅಂದು ತಗ್ಗಿಸಿದ ತಲೆಯನ್ನು ಆ ಮೇಜಿನ ಮುಂದೆ ಅವನು ಮತ್ತೆ ಎತ್ತಲಿಲ್ಲ. ಔಷಧದಂಗಡಿಯಲ್ಲಿ ಕೆಲಸ ಮಾಡುವ ಸೊಸೆ, ಮನೆಗೆ ಬಂದ ಹೊಸದರಲ್ಲಿ ಏನೋ ನೆನೆಸಿಕೊಂಡು ಗಟ್ಟಿಯಾಗಿ ನಕ್ಕಿದ್ದಳು. ಮೇಸ್ತ್ರಿ ಹುಬ್ಬೆತ್ತಿ ನೋಡಿದರು, ಅಷ್ಟೆ. ಆ ನಗು ಮತ್ತೆ ಅತ್ತ ಸುಳಿಯಲಿಲ್ಲ.

ಇನ್ನು ಸಿಟ್ಟು ನೆತ್ತಿಗೇರಿತೋ, ಮೇಸ್ತ್ರಿ ಎರಡೇ ಬೆರಳಲ್ಲಿ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದುಬಿಡುತ್ತಿದ್ದರು. ಅವರು ಎದ್ದರೆ ಎಲ್ಲರೂ ಏಳಬೇಕು. ತಟ್ಟೆಯಲ್ಲಿ ಅನ್ನವಿರಲಿ, ಬಾಯಲ್ಲಿ ತುತ್ತಿರಲಿ, ಏಳಬೇಕು. ಹೆಂಡತಿ ಎಲ್ಲರ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಈ ಕಾನೂನು ಅವರು ಹೊಸದಾಗಿ ತಂದದ್ದಲ್ಲ. ಅವರ ಅಪ್ಪನೂ ಹೀಗೇ ತಟ್ಟೆ ತಳ್ಳುತ್ತಿದ್ದ. ಅರೆಹೊಟ್ಟೆಯಲ್ಲಿ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ್ದು ಮೇಸ್ತ್ರಿಗೆ ಚೆನ್ನಾಗಿ ನೆನಪಿತ್ತು. ಅದನ್ನು ನೆನೆದು, ನನ್ನ ಮಕ್ಕಳಿಗೆ ಹೀಗಾಗಬಾರದು ಎಂದುಕೊಳ್ಳುವ ಜನರಿದ್ದಾರೆ. ಮೇಸ್ತ್ರಿ ಆ ಜಾತಿಯವರಲ್ಲ. ನಾನು ಅನುಭವಿಸಿದ್ದಾಗಿದೆ, ಇನ್ನು ನನ್ನ ಸರದಿ ಎಂದುಕೊಂಡವರು.

ಅಂಥವರಿಗೆ ಕೊನೆಗೆ ಅವರ ಹೊಟ್ಟೆಯೇ ತಿರುಗಿ ಬಿತ್ತು. ಮಲಗಿದರೆ ಎದೆಯೊಳಗೆ ಕೆಂಡ. ಬಗ್ಗಿ ಹಲಗೆ ಉಜ್ಜಿದರೆ ಗಂಟಲಿಗೆ ಹುಳಿನೀರು. ಒಂದು ದಿನ ಎದೆ ಹಿಡಿದುಕೊಂಡು ಮರದ ಹೊಟ್ಟಿನ ರಾಶಿಯ ಮೇಲೆ ಕೂತೇಬಿಟ್ಟರು. ಹೃದಯವೇ ಇರಬೇಕೆಂದು ಕೆಲಸದವರು ಹೆದರಿ ಆಸ್ಪತ್ರೆಗೆ ಹೊತ್ತೊಯ್ದರು. ಹೃದಯಕ್ಕೆ ಏನೂ ಆಗಿರಲಿಲ್ಲ. ಅದನ್ನು ಅವರು ಅಷ್ಟಾಗಿ ಬಳಸಿಯೇ ಇರಲಿಲ್ಲ ಎಂದು ಆಮೇಲೆ ಆಡಿಕೊಂಡವರುಂಟು.

ಬಾಯಿಂದ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

“ಎದೆಗೂ ಹೊಟ್ಟೆಗೂ ಮಧ್ಯೆ ಒಂದು ಪರದೆ ಇರುತ್ತೆ. ಅನ್ನನಾಳ ಇಳಿಯೋಕೆ ಅದ್ರಲ್ಲೊಂದು ತೂತು. ನಿಮಗೆ ಆ ತೂತು ಸಡಿಲ ಆಗಿದೆ, ಹೊಟ್ಟೆಯ ಮೇಲಿನ ತುದಿ ಎದೆ ಕಡೆ ನುಗ್ತಿದೆ. ಹಯಾಟಲ್ ಹರ್ನಿಯಾ ಅಂತಾರೆ.”

“ಸಡಿಲ ಆಗಿದ್ರೆ ಒಂದು ಬೆಣೆ ಹೊಡೀರಿ,” ಎಂದರು ಮೇಸ್ತ್ರಿ.

“ಬೆಣೆ ಬೇಡ. ಬಾಯಿ ಕಟ್ಟಿ, ಸದ್ಯಕ್ಕೆ ಅಷ್ಟು ಸಾಕು.”

ಬಾಯಿ ಕಟ್ಟುವುದೆಂದರೆ ಒಂದೆರಡು ಮಾತಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಹೊಟ್ಟೆ ಬಿರಿಯ ಉಣ್ಣುವಂತಿಲ್ಲ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ತಿನ್ನಬೇಕು. ಖಾರ, ಹುಳಿ, ಕರಿದದ್ದು, ಕಾಫಿ, ಬೀಡಿ ಎಲ್ಲಕ್ಕೂ ಕೈಮುಗಿಯಬೇಕು. ಸೊಂಟಕ್ಕೆ ಬಿಗಿಯಾದ ಬೆಲ್ಟು ಬೇಡ. ತೂಕ ಇಳಿಸಬೇಕು. ಮಂಚದ ತಲೆಭಾಗ ಅರ್ಧ ಅಡಿ ಎತ್ತರಿಸಬೇಕು, ಬರೀ ದಿಂಬು ಪೇರಿಸಿದರೆ ಆಗದು. ತಿಂದ ಮೇಲೆ ಮೂರು ಗಂಟೆ ಮಲಗಬಾರದು. ನಿಧಾನವಾಗಿ ಅಗಿದು ನುಂಗಬೇಕು, ಉಣ್ಣುವಾಗ ಮಾತು ಬೇಡ, ಸಿಟ್ಟಂತೂ ಬೇಡವೇ ಬೇಡ. ನಸುಕಿಗೇ ಏಳುವ ಮೇಸ್ತ್ರಿ ಒಂಬತ್ತೂವರೆಗೆಲ್ಲ ಮಲಗುವವರು. ಹಾಗಾಗಿ ರಾತ್ರಿಯೂಟ ಸಂಜೆ ಆರೂವರೆಗೇ ಮುಗಿಯಬೇಕೆಂದು ತೀರ್ಮಾನವಾಯಿತು.

“ಒಂದೂ ಬಿಡದೆ ಪಾಲಿಸ್ತೀವಿ ಡಾಕ್ಟ್ರೇ,” ಎಂದಳು ಹೆಂಡತಿ. ಅವಳು ಯಾವ ಮಾತಿಗೂ ಅಷ್ಟು ಬೇಗ ಉತ್ತರ ಕೊಟ್ಟದ್ದನ್ನು ಮೇಸ್ತ್ರಿ ನೋಡಿರಲಿಲ್ಲ.

ಮಂಚದ ಕಾಲಿಗೆ ಕೊಡಲು ಮೇಸ್ತ್ರಿ ಎರಡು ಮರದ ತುಂಡು ಕೊಯ್ದು, ಕಾಲು ಜಾರದ ಹಾಗೆ ಗುಳಿ ತೋಡಿ ಕೂರಿಸಿದರು. ಇಡೀ ಪಥ್ಯದಲ್ಲಿ ಅವರು ಮನಸ್ಸಿಟ್ಟು ಮಾಡಿದ್ದು ಅದೊಂದನ್ನೇ. ಹೆಂಡತಿ ಒಂದು ರಾತ್ರಿ ಮಲಗಿ ನೋಡಿ, “ಇದ್ರ ಮೇಲೆ ಮಲಗಿದ್ರೆ ಬೆಳಗಾಗೋ ಹೊತ್ತಿಗೆ ಬಾಗಿಲ ಹತ್ರ ಇರ್ತೀನಿ,” ಎಂದು ಹಾಸಿಗೆ ಸುತ್ತಿಕೊಂಡು ನಡುಮನೆಗೆ ಹೋದಳು.

ಆರೂವರೆಗೆ ಆ ದೊಡ್ಡ ಮೇಜಿನಲ್ಲಿ ಮೇಸ್ತ್ರಿ ಒಬ್ಬರೇ. ಮುಂದೆ ಮೆತ್ತಗೆ ಬೆಂದ ಅನ್ನ, ಬೇಯಿಸಿದ ತರಕಾರಿ, ಅದೂ ಬೊಗಸೆಯಷ್ಟು. ಉಪ್ಪು ಸರಿಯಾಗಿಯೇ ಇರುತ್ತಿತ್ತು. ಇಲ್ಲದಿದ್ದರೂ ಯಾರ ಮೇಲೆ ಕೂಗಾಡುವುದು? ಹೆಂಡತಿ ತಟ್ಟೆ ಇಟ್ಟು ಒಳಗೆ ಹೋಗಿರುತ್ತಿದ್ದಳು, ಮಗ ಸೊಸೆ ಇನ್ನೂ ಕೆಲಸದಲ್ಲಿ. ಅಗಿದೂ ಅಗಿದೂ ದವಡೆ ನೋಯುತ್ತಿತ್ತು. ಆದರೆ ಸುಳ್ಳೇಕೆ, ಎದೆಯುರಿ ದಿನದಿಂದ ದಿನಕ್ಕೆ ಇಳಿಯಿತು.

ಊಟವಾದ ಮೇಲೆ ಕೋಣೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದರು. ಹಾಗೆ ಕೂತಿದ್ದ ಒಂದು ರಾತ್ರಿ, ಮನೆಯವರ ಊಟದ ಹೊತ್ತಿಗೆ, ನಗು ಕೇಳಿಸಿತು. ಪಕ್ಕದ ಮನೆಯದು ಎಂದುಕೊಂಡರು ಮೊದಲು. ಮತ್ತೆ ಕಿವಿಗೊಟ್ಟರೆ, ತಮ್ಮದೇ ಮೇಜಿನಿಂದ.

“‘ಆರು ವರ್ಷದಿಂದ ತೊಟ್ಟಿಕ್ತಿದೆ, ಈಗ ನನಗೆ ಬೇಜಾರಾಗಿದೆ, ವಾಪಸ್ ತಗೊಳ್ಳಿ’ ಅಂತಾನಮ್ಮ! ನಲ್ಲಿ ಹಿಡ್ಕೊಂಡು ನಿಂತವ್ನು ಜಾಗ ಬಿಟ್ಟು ಕದಲ್ತಿಲ್ಲ!”

ಮಗ ಗಿರಾಕಿಯ ದನಿ ತೆಗೆದು ಅಣಕಿಸುತ್ತಿದ್ದ. ಅವನಿಗೆ ಅಣಕಿಸಲು ಬರುತ್ತದೆಯೇ? ಸೊಸೆ ಮೇಜು ಬಡಿದು ನಗುತ್ತಿದ್ದಳು. ಹೆಂಡತಿಯೂ ನಗುತ್ತಿದ್ದಳು, ನಗುವಿನ ಕೊನೆಗೆ ಉಸಿರು ಸಿಕ್ಕಿಕೊಂಡು ಒಂದು ಸಣ್ಣ ಕೆಮ್ಮು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ, ಆ ಕೆಮ್ಮು ಹೇಗಿರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಮೇಸ್ತ್ರಿ ಲೋಟ ಹಿಡಿದು ಹೊರಗೆ ಬಂದರು. ನಗು ಕತ್ತರಿಸಿದ ಹಾಗೆ ನಿಂತಿತು. ಕೈಯಿರುವ ಕುರ್ಚಿಯ ಮೇಲೆ ಸೊಸೆಯ ಕೈಚೀಲವಿತ್ತು, ಅವಳು ಗಡಬಡಿಸಿ ಅದನ್ನು ಎತ್ತಿಕೊಂಡಳು. ಮಗ ಅರ್ಧ ಎದ್ದೇಬಿಟ್ಟಿದ್ದ.

“ನೀರು ಬೇಕಾ ಮಾವ?”

“ಹೂಂ,” ಎಂದು ನೀರು ತುಂಬಿಸಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಎಷ್ಟೋ ಹೊತ್ತಿನ ಮೇಲೆ ಪಿಸುಮಾತು ಶುರುವಾಯಿತು.

ಅಂದಿನಿಂದ ಅವರಿಗೆ ಎದೆಯುರಿಗಿಂತ ದೊಡ್ಡ ಸಂಕಟ ಅಂಟಿಕೊಂಡಿತು. ಆ ನಗುವಿನ ನಡುವೆ ತಾನೂ ಕೂರಬೇಕು. ಕೇಳಿ ಪಡೆಯುವ ಅಭ್ಯಾಸವಿಲ್ಲದ ಮನುಷ್ಯ, ಆದ್ದರಿಂದ ಕೇಳಲಿಲ್ಲ. ಒಂದು ಸಂಜೆ ಆರೂವರೆಯ ತಟ್ಟೆಯನ್ನು ಮುಟ್ಟದೆ, ಎಂಟೂವರೆಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು.

“ಇವತ್ತು ನಿಮ್ಮ ಜೊತೆ,” ಎಂದರು. ಎಲ್ಲರ ಹಾಗೆ ಖಾರದ ಮಾಂಸವನ್ನೇ ಬಡಿಸಿಕೊಂಡರು.

ಮಗನ ತಲೆ ತಟ್ಟೆಯೊಳಕ್ಕೆ ಇಳಿಯಿತು. ಹೆಂಡತಿ ಗೋಡೆಗೆ ಒತ್ತಿ ನಿಂತಳು.

“ಏನೋ ಹೇಳ್ತಿರ್ತೀಯಲ್ಲ ಅಂಗಡೀದು. ಹೇಳು,” ಎಂದರು ಮೇಸ್ತ್ರಿ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಗಂಟಲಿಗೆ ಪ್ರೀತಿಯ ರೂಢಿಯಿರಲಿಲ್ಲ, ಅದು ವಿಚಾರಣೆಯ ಹಾಗೇ ಕೇಳಿಸಿತು.

“ಏನಿಲ್ಲಪ್ಪ,” ಎಂದ ಮಗ. ಅವನ ಕೈ ತನಗೆ ತಾನೇ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡಿತು.

ಮೇಸ್ತ್ರಿಗೆ ಅದು ಕಂಡಿತು. ತಿಂದದ್ದು ಒಳಗೆ ಇಳಿಯಲಿಲ್ಲ. ಆ ರಾತ್ರಿಯೆಲ್ಲ ಕೆಮ್ಮುತ್ತ, ಹುಳಿ ಉಗುಳುತ್ತ ಕೂತಿದ್ದರು. ಹೆಂಡತಿ ನೀರು ತಂದುಕೊಟ್ಟಳು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಹುಚ್ಚಾಟ ಬಿಟ್ಟು ಅಚ್ಚುಕಟ್ಟಾಗಿ ಪಥ್ಯ ಹಿಡಿದರು. ಬೇಗ ಗುಣವಾದರೆ ಬೇಗ ಮೇಜಿಗೆ ಮರಳಬಹುದು ಎಂಬ ಆಸೆ. ಕೊಟ್ಟದ್ದನ್ನು ಮರುಮಾತಿಲ್ಲದೆ ತಿಂದರು, ಸಂಜೆ ನಡೆದಾಡಿದರು, ಬೀಡಿ ಬಿಟ್ಟರು. ಹೊಟ್ಟೆ ಕರಗಿತು. ತಿಂಗಳುಗಳು ಕಳೆದು ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನಿಗೇ ಆಶ್ಚರ್ಯ.

“ಭೇಷ್! ತೂತು ಮುಚ್ಚಿಲ್ಲ, ಅದು ಹಾಗೇ ಇರುತ್ತೆ. ಆದ್ರೆ ನೀವು ಅದನ್ನ ಹದ್ದುಬಸ್ತಿನಲ್ಲಿ ಇಟ್ಟಿದ್ದೀರಿ.”

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. “ಇನ್ಮೇಲೆ ಮನೆಯವ್ರ ಜೊತೆ ಕೂತು ಊಟ ಮಾಡಬಹುದಾ?”

“ಧಾರಾಳವಾಗಿ! ಸ್ವಲ್ಪವೇ ತಿನ್ನಿ, ಖಾರ ಬೇಡ, ಮಲಗೋದನ್ನ ತಡ ಮಾಡ್ಕೊಳ್ಳಿ, ಅಷ್ಟೆ.” ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿ ನಕ್ಕರು. “ಕೇಳಿಸ್ತಲ್ವಾ ಅಮ್ಮ? ಇನ್ನು ಎರಡೆರಡು ಹೊತ್ತು ಬಡಿಸೋದು ಬೇಡ.”

ಹೆಂಡತಿ ತಲೆಯಾಡಿಸಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಮೇಸ್ತ್ರಿಗೆ ಮಾತ್ರ ಮನಸ್ಸು ನೆಲದ ಮೇಲಿರಲಿಲ್ಲ. ಇವತ್ತು ಸುಮ್ಮನೆ ಕೂರಬೇಕು, ಯಾರನ್ನೂ ಏನೂ ಕೇಳಬಾರದು, ಅವರಾಗಿಯೇ ಮಾತಾಡುವ ತನಕ ಕಾಯಬೇಕು ಎಂದು ಮನಸ್ಸಿನಲ್ಲೇ ಪಾಠ ಹೇಳಿಕೊಂಡರು.

ಆರೂವರೆಗೆ ಹೆಂಡತಿ ತಟ್ಟೆ ತಂದು ಮೇಜಿನ ಮೇಲಿಟ್ಟಳು. ಮೆತ್ತಗಿನ ಅನ್ನ, ಬೇಯಿಸಿದ ತರಕಾರಿ.

“ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು.”

“ಮತ್ತೆ?”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮದುವೆಯಾದಾಗಿನಿಂದ ಗಂಡನೆದುರು ಆ ಮೇಜಿನ ಪಕ್ಕ ನಿಂತೇ ಇದ್ದವಳು, ಎದುರಿನ ಕುರ್ಚಿ ಎಳೆದು ಕೂತಳು.

“ಹುಡುಗ್ರಿಗೆ ಈಗೀಗ ಉಂಡಿದ್ದು ಮೈಗೆ ಹತ್ತುತ್ತಿದೆ ಕಣ್ರೀ. ನನಗೂ ಅಷ್ಟೆ. ಹತ್ತಲಿ ಬಿಡಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. “ಡಾಕ್ಟ್ರು ಹೇಳಿದ್ದನ್ನ ಅವ್ರಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಕು ಅನ್ಸಿದ್ರೆ ನೀವೇ ಹೇಳಿ. ಆರಿಹೋಗುತ್ತೆ, ಊಟ ಮಾಡಿ.”

ಎದ್ದು ಒಳಗೆ ಹೋದಳು.

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಹಳೆಯ ಸಿಟ್ಟು ಹಳೆಯ ದಾರಿ ಹಿಡಿದು ಮೇಲೆ ಬಂತು. ಎರಡು ಬೆರಳು ತಾವಾಗಿಯೇ ತಟ್ಟೆಯ ಅಂಚಿಗೆ ಹೋದವು. ಅವರು ತಲೆಯೆತ್ತಿ ನೋಡಿದರು. ಐದು ಕುರ್ಚಿಗಳೂ ಖಾಲಿ. ತಟ್ಟೆ ತಳ್ಳಿದರೆ ಹಸಿದು ಏಳಲು ಅಲ್ಲಿ ಅವರ ಹೊರತು ಯಾರೂ ಇರಲಿಲ್ಲ.