ಅಮರಮ್ಮನ ಫಾರಿನ್ ಊಟ

ತಾಯಣ್ಣ ಫಾರಿನ್‌ಗೆ ಹೊರಟಿದ್ದಾನೆಂಬ ಸುದ್ದಿ ರಾಯಚೂರಿನ ಅವನ ಕಚೇರಿಗಿಂತ ಮೊದಲು ಅವನ ಹುಟ್ಟೂರು ದೇವದುರ್ಗಕ್ಕೆ ಮುಟ್ಟಿತು. ಮುಟ್ಟಿಸಿದವನು ಅವನೇ. ಸಾವಿರದ ಒಂಬೈನೂರ ಎಂಬತ್ತಮೂರರ ಬೇಸಿಗೆ ಅದು. ಫಾರಿನ್ ಎಂದರೆ ನೇಪಾಳ. ನೇಪಾಳ ಎಂದರೂ ಹಿಮದ ಬೆಟ್ಟವಲ್ಲ. ಗೋರಖಪುರದಿಂದ ಬಸ್ಸಿನಲ್ಲಿ ಹೋಗಿ, ಗಡಿಯ ಗೇಟನ್ನು ನಡೆದು ದಾಟಿದರೆ ಸಿಗುವ ಭೈರಹವಾ ಎಂಬ ಬಯಲು ಸೀಮೆಯ ಊರು. ಬುದ್ಧ ಹುಟ್ಟಿದ ಲುಂಬಿನಿ ಅಲ್ಲಿಂದ ಹತ್ತಿರ. ಕೂಲಿ ಮಾಡಿ ಓದಿಸಿದ ಮನೆಯಿಂದ ಬಂದು ಗುಮಾಸ್ತನಾಗಿ, ಆಮೇಲೆ ಬೌದ್ಧನೂ ಆದ ತಾಯಣ್ಣನಿಗೆ ಲುಂಬಿನಿ ನೋಡುವ ಆಸೆ ಇದ್ದದ್ದು ಸುಳ್ಳಲ್ಲ. ಆದರೆ ಅವನ ಬಾಯಲ್ಲಿ ಬುದ್ಧನ ಹೆಸರು ಒಂದು ಸಲ ಬಂದರೆ ಫಾರಿನ್ನಿನ ಹೆಸರು ಹತ್ತು ಸಲ ಬರುತ್ತಿತ್ತು. ಪಾಸ್‌ಪೋರ್ಟ್ ಬೇಡದ ಫಾರಿನ್ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಹೆಂಡತಿ ಅಮರಮ್ಮನ ಆಸೆ ಬೇರೆಯಿತ್ತು. ದೇವದುರ್ಗದ ಹತ್ತಿರದ ಜಾಲಹಳ್ಳಿಯ ಹೊಲಗಳಲ್ಲಿ ಕಳೆ ಕಿತ್ತು ಬೆಳೆದ ಅವಳು ಈವರೆಗೆ ಹೋಟೆಲಿನ ಒಳಗೆ, ಕುರ್ಚಿಯ ಮೇಲೆ ಕೂತು ಊಟ ಮಾಡಿದವಳಲ್ಲ. ಒಂದೇ ಒಂದು ಸಲ ಬೇರೆ ಯಾರೋ ಬೇಯಿಸಿದ್ದನ್ನು ತಂದಿಟ್ಟು, ಇನ್ನೇನು ಬೇಕು ಎಂದು ತನ್ನನ್ನು ಕೇಳಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ರಾಯಚೂರಿಗೆ ಬಂದ ಹೊಸದರಲ್ಲಿ ಗಂಡನ ಕಿವಿಗೆ ಹಾಕಿ ನೋಡಿದಳು. ಹೋಟೆಲಿನ ಎಣ್ಣೆಯಿಂದ ಹೊಟ್ಟೆಗೆ ಬರುವ ರೋಗಗಳ ಮೇಲೆ ಅವನು ಉಪನ್ಯಾಸವನ್ನೇ ಕೊಟ್ಟ. ಮಾನ್ವಿಗೆ ವರ್ಗವಾಗಿದ್ದಾಗ ಕಚೇರಿಯ ಎದುರಿಗೇ ಹೋಟೆಲಿದ್ದರೂ ಬೇವಿನ ಮರದ ಕೆಳಗೆ ಕೂತು ಡಬ್ಬಿ ಬಿಚ್ಚುತ್ತಿದ್ದ ಮಹಾನುಭಾವ. ಹೆಂಡತಿಯ ಕೈಯಡುಗೆ ಬಿಟ್ಟು ಬೇರೆ ಮುಟ್ಟದ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಓಣಿಯ ಹೆಂಗಸರು ಅನ್ನುತ್ತಿದ್ದರು. ಆ ಪುಣ್ಯದ ಪಾತ್ರೆಗಳನ್ನು ತಿಕ್ಕುವವಳು ಅಮರಮ್ಮ.

"ಅಲ್ಲಿ ಧರ್ಮಶಾಲಿ ಅದ, ಸ್ಟೋ ಒಯ್ಯೂನು," ಎಂದ ತಾಯಣ್ಣ. "ಊರಾಗಿನಂಗ ಕೆಲಸ ಇರಂಗಿಲ್ಲ ನಿನಗ. ಸಂಜಿಕ ಒಂದು ಅನ್ನ, ಒಂದು ಸಾರು, ಒಂದು ಪಲ್ಯ. ಆರಾಮ ಇರು."

ಈ ಆರಾಮದ ತೂಕ ಅಮರಮ್ಮನಿಗೆ ಗೊತ್ತಿತ್ತು. ಅವಳು ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಕಟಕಟನೆ ಮುರಿಯುವಂತೆ ಒಣಗಿಸಿಟ್ಟರೆ ತಿಂಗಳಾದರೂ ಕೆಡುವುದಿಲ್ಲ. ದಿನಾ ಒಂದಿಷ್ಟು ಮಾಡಿ ಟ್ರಂಕು ತುಂಬಿಸಿದಳು, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು. ಪರದೇಶದಲ್ಲಿ ಸಂಜೆಯ ಹೊತ್ತಿಗೆ ಟ್ರಂಕಿನ ಮುಚ್ಚಳ ತೆಗೆದರೆ ಸಾಕು, ಗಂಡನ ಊಟ ಮುಗಿದಂತೆ. ತಾನು ಒಂದು ಸಂಜೆ ಮಗಳು ವೆಂಕಮ್ಮನನ್ನು ಕರೆದುಕೊಂಡು ಹೋಟೆಲಿಗೆ ಹೋಗಿಬರುವುದು. ಇದು ಅವಳ ಲೆಕ್ಕ.

ಲೆಕ್ಕ ತಪ್ಪಿದ್ದು ರೈಲಿನಲ್ಲಿ. ನಮ್ಮ ಕಡೆ ಬುತ್ತಿ ಬಿಚ್ಚಿದವನು ಎದುರಿಗೆ ಕೂತವರಿಗೆ "ಬರ್ರಿ, ಊಟ ಮಾಡೂನು" ಅನ್ನಬೇಕು. ಎದುರಿಗಿನವರು "ನೀವು ಮಾಡ್ರಿ, ನಮ್ದು ಆಗ್ಯಾದ" ಅನ್ನಬೇಕು, ಅವರು ಹಸಿದು ಸಾಯುತ್ತಿದ್ದರೂ. ತಾಯಣ್ಣ ತನ್ನ ಪಾಲಿನ ಮಾತನ್ನು ಚೊಕ್ಕ ಹಿಂದಿಯಲ್ಲಿ ಹೇಳಿದ. ಉತ್ತರದ ಆ ಜನಕ್ಕೆ ತಮ್ಮ ಪಾಲಿನ ಮಾತು ಗೊತ್ತಿರಲಿಲ್ಲ. ಅವರು ಕೈ ಚಾಚಿದರು. ಹಣೆ ತುಂಬ ನಾಮ ಹಚ್ಚಿಕೊಂಡ ಮುದುಕನೊಬ್ಬ ರೊಟ್ಟಿ ಮುರಿದು, ಹಿಂಡಿ ಹಚ್ಚಿಕೊಂಡು ತಿಂದು, ಮತ್ತೊಂದು ಕೇಳಿದ. ಯಾವ ಊರು ಎಂದು ಕೇಳಿದ, ಯಾವ ಜನ ಎಂದು ಕೇಳಲಿಲ್ಲ.

ಅಷ್ಟಾದದ್ದೇ ತಡ, ತಾಯಣ್ಣನ ಕೈಗೆ ತಡೆಯೇ ಉಳಿಯಲಿಲ್ಲ. ಪಕ್ಕದ ಸೀಟಿನವರನ್ನು ಕರೆದ, ಮೇಲಿನ ಬರ್ತಿನಲ್ಲಿ ಮಲಗಿದ್ದವನನ್ನು ಎಬ್ಬಿಸಿ ಕೊಟ್ಟ. ಊಟದ ಹೊತ್ತು, ಚಹಾದ ಹೊತ್ತು ಎನ್ನದೆ ಟ್ರಂಕಿನ ಮುಚ್ಚಳ ತೆರೆದೇ ಇತ್ತು. ಹೆಂಡತಿಯ ರಟ್ಟೆಯ ಬಲದಿಂದ ಇಂಥ ಅನ್ನದಾನ ಮಾಡಿದ ಕರ್ಣ ಇನ್ನೊಬ್ಬನಿಲ್ಲ. ಗೋರಖಪುರದಲ್ಲಿ ಇಳಿಯುವಾಗ ಟ್ರಂಕಿನ ತಳದಲ್ಲಿ ರೊಟ್ಟಿಯ ಪುಡಿ ಇತ್ತು.

"ಎಲ್ಲಾ ಹಂಚಿದ್ಯಲ್ಲ, ಇನ್ನ ಏನು ತಿಂತೀ?" ಎಂದಳು ಅಮರಮ್ಮ.

"ನಾಮದವರು ತಿಂದ್ರು ಬೇ, ನಮ್ಮ ಮನಿ ರೊಟ್ಟಿ," ಎಂದ ಅವನು. ಅವನ ಕಣ್ಣುಗಳು ಒದ್ದೆಯಾಗಿದ್ದವು. ಅವಳು ಪುಡಿ ಕೊಡವಿ, ಟ್ರಂಕಿನ ಮುಚ್ಚಳವನ್ನು ಧಡ್ಡನೆ ಹಾಕಿದಳು.

ಭೈರಹವಾದ ಬಿಸಿಲು ರಾಯಚೂರಿನದೇ, ನೊಣಗಳೂ ರಾಯಚೂರಿನವೇ. ಆದರೆ ಫಾರಿನ್ ನೊಣಗಳಾದ್ದರಿಂದ ತಾಯಣ್ಣ ಅವುಗಳ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ. ಸಂಜೆಯಾದರೆ ಧರ್ಮಶಾಲೆಯ ಪಡಸಾಲೆಯಲ್ಲಿ ಅಮರಮ್ಮ ಸ್ಟೋವಿಗೆ ಪಂಪು ಹೊಡೆಯುತ್ತ ಕೂರುವಳು. ಅಲ್ಲಿಯ ಬೇಳೆ ಎಷ್ಟು ಕುದಿಸಿದರೂ ಕರಗಲು ಒಪ್ಪದು. ತಾಯಣ್ಣ ಊರು ತಿರುಗಿ ಬಂದು, ಸಾರು ತೆಳ್ಳಗಾಯಿತೆಂದು ತೀರ್ಪು ಕೊಟ್ಟು, ಎರಡನೇ ಸಲ ಬಡಿಸಿಕೊಳ್ಳುವನು. ಲುಂಬಿನಿಗೆ ಹೋದ ದಿನ ಅಶೋಕನ ಕಂಬದ ಮುಂದೆ ಅವಳು ಕೈಮುಗಿದು ಕಣ್ಣು ಮುಚ್ಚಿದ್ದಳು. "ಬ್ಯಾಳಿ ನೆನಿ ಇಟ್ಟು ಬಂದೀಯಿಲ್ಲ?" ಎಂದು ತಾಯಣ್ಣ ಅವಳ ಕಿವಿಯ ಹತ್ತಿರ ಕೇಳಿದ. ಸಿದ್ಧಾರ್ಥ ಮನೆ ಬಿಟ್ಟು ಹೋದದ್ದು ಅಮರಮ್ಮನಿಗೆ ಅವತ್ತು ಬಹಳ ಸರಿ ಅನ್ನಿಸಿತು.

ಮರುದಿನ ಊರಿಗೆ ಹೊರಡಬೇಕು ಎನ್ನುವ ಸಂಜೆ ತಾಯಣ್ಣ ಮಂಚದ ಮೇಲೆ ಅಡ್ಡಾಗಿ ಹೇಳಿದ: "ಇವತ್ತು ಕಡೀ ದಿನ, ಭಾಳ ತ್ರಾಸ ತಗೋಬ್ಯಾಡ. ಅನ್ನ, ಸಾರು, ಪಲ್ಯ ಮಾಡಿದ್ರ ಸಾಕು."

"ಸ್ಟೋ ನಿನ್ನ ಮಗ್ಗಲಾಗ ಅದ. ಹಚ್ಚಿಕೋ," ಎಂದಳು ಅಮರಮ್ಮ. "ನಾವು ಎದುರಿನ ಹೋಟೆಲಿಗೆ ಹೊಂಟೀವಿ. ಬರ್ತಿದ್ರ ಬಾ."

"ಹೋಟೆಲ್ ಎಣ್ಣಿ..." ಎಂದು ಅವನು ಶುರು ಮಾಡುವಷ್ಟರಲ್ಲಿ ಅವಳು ಮಗಳ ಕೈ ಹಿಡಿದು ರಸ್ತೆ ದಾಟಿದ್ದಳು.

ಹೊಸ್ತಿಲ ಹತ್ತಿರ ಅವಳ ಕಾಲುಗಳು ತಾವಾಗಿ ನಿಂತವು. ರಾಯಚೂರಿನ ಶಾಲೆಯಲ್ಲಿ ಓದುವ ವೆಂಕಮ್ಮ ಒಳಗೆ ಓಡಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಅಮರಮ್ಮನೂ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತಳು. ಮೂಗುತಿ ಹಾಕಿದ ನೇಪಾಳಿ ಹೆಂಗಸೊಬ್ಬಳು ಹೋಟೆಲು ನಡೆಸುತ್ತಿದ್ದಳು. ಅವಳು ಬಂದು ಅಮರಮ್ಮನ ಮುಂದೆ ಸ್ಟೀಲಿನ ತಟ್ಟೆ ಇಟ್ಟು, ಅನ್ನ, ಬೇಳೆ, ಸಾಸಿವೆ ಸೊಪ್ಪಿನ ಪಲ್ಯ ಬಡಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಸೌಟು ಹಿಡಿದು ಬಂದು ಬೇಕೇ ಎಂದು ಕೈಯಲ್ಲೇ ಕೇಳಿದಳು. ಅಮರಮ್ಮ ಬೇಕು ಅಂದಳು. ಮೂರನೇ ಸಲವೂ ಬೇಕು ಅಂದಳು. ಬೇಳೆ ತನ್ನ ಸಾರಿನ ಹತ್ತಿರವೂ ಬರುವಂತಿರಲಿಲ್ಲ, ಅದರಿಂದ ಅವಳಿಗೆ ಇನ್ನೂ ಖುಷಿಯಾಯಿತು. ಇಷ್ಟು ಸುಖವಾಗಿ ಅವಳು ಯಾವ ಹಬ್ಬದಲ್ಲೂ ಉಂಡಿರಲಿಲ್ಲ.

ಉಂಡು ಮುಗಿಸಿ, ತನ್ನ ತಟ್ಟೆಯನ್ನೂ ಮಗಳ ತಟ್ಟೆಯನ್ನೂ ಎತ್ತಿಕೊಂಡು ನೀರು ಎಲ್ಲಿದೆ ಎಂದು ನೋಡುತ್ತ ಎದ್ದಳು. ಅವಳ ಊರಿನ ಹೋಟೆಲಿನಲ್ಲಿ ಅವಳ ಜನಕ್ಕೆ ಚಹಾ ಹೊರಗಡೆ. ಕುಡಿದ ಮೇಲೆ ಗ್ಲಾಸನ್ನು ತಾವೇ ತೊಳೆದು, ತಮಗೆಂದೇ ಬೇರೆ ಮಾಡಿದ ಗೂಡಿನಲ್ಲಿ ಇಟ್ಟು ಬರಬೇಕು. ಯಾರೂ ಹೇಳದಿದ್ದರೂ ಕೈಗೆ ಅದು ಗೊತ್ತಿತ್ತು. ನೇಪಾಳಿ ಹೆಂಗಸು ಓಡಿ ಬಂದು ತಟ್ಟೆ ಹಿಡಿದಳು. ಅಮರಮ್ಮ ಬಿಡಲಿಲ್ಲ. ಇಬ್ಬರೂ ಒಂದು ಕ್ಷಣ ಎಂಜಲು ತಟ್ಟೆಗಾಗಿ ಜಗ್ಗಾಡಿದರು.

"ಬಿಡು. ಇಲ್ಲಿ ಹಂಗಿಲ್ಲ," ಎಂದಿತು ಬಾಗಿಲಿನಿಂದ ಒಂದು ದನಿ. ಹಸಿವು ತಾಯಣ್ಣನನ್ನು ರಸ್ತೆ ದಾಟಿಸಿತ್ತು, ಆದರೆ ಹೊಸ್ತಿಲು ದಾಟಿಸಿರಲಿಲ್ಲ. ಉಪನ್ಯಾಸದ ದನಿಯಲ್ಲ ಅದು. ಅಮರಮ್ಮ ತಟ್ಟೆ ಬಿಟ್ಟು ಅವನ ಮುಖ ನೋಡಿದಳು. ಎಣ್ಣೆಯ ರೋಗಗಳು, ಮಾನ್ವಿಯ ಬೇವಿನ ಮರ, ತನ್ನ ಕೈರುಚಿಯ ಹೊಗಳಿಕೆ, ಎಲ್ಲದರ ಅರ್ಥ ಒಟ್ಟಿಗೇ ಹೊಳೆಯಿತು. ಅವನು ಹೆದರುತ್ತಿದ್ದದ್ದು ಎಣ್ಣೆಗಲ್ಲ, ಆ ಬೇರೆ ಗೂಡಿಗೆ. ಆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ.

"ಒಳಗ ಬಾ. ಕೂಡು," ಎಂದಳು.

ಕುರ್ಚಿಯ ತುದಿಯಲ್ಲಿ ಕೂತು ಅವನು ಉಂಡ. ಬೇಳೆ ತೆಳ್ಳಗಿತ್ತು, ಅದರ ಮಾತೆತ್ತಲಿಲ್ಲ. ಉಂಡು ನೀರು ಕುಡಿದ, ಸುತ್ತ ಒಮ್ಮೆ ನೋಡಿದ. ಆಮೇಲೆ ಇಲ್ಲಿ ಹಂಗಿಲ್ಲ ಎಂದು ಆಗಷ್ಟೇ ಹೇಳಿದ ಆ ಗುಮಾಸ್ತ ತಟ್ಟೆ ಎತ್ತಿಕೊಂಡು ಏಳತೊಡಗಿದ.

ಅಮರಮ್ಮ ಅವನ ಕೈ ಮೇಲೆ ಕೈಯಿಟ್ಟು ತಟ್ಟೆಯನ್ನು ಮೇಜಿಗೆ ಒತ್ತಿ ಹಿಡಿದಳು.

"ಕೂಡು," ಎಂದಳು. "ಅಕಿ ಒಯ್ತಾಳ."