ಖೋಖೋ ಸ್ಕರ್ಟಿಗೆ ತಂದ ಮೂರು ಕೊಟೇಷನ್

ಬೀರುವಿನ ಕನ್ನಡಿಯ ಮುಂದೆ ನಿಂತು ಕೆಳಗೆ ನೋಡಿಕೊಂಡೆ. ನನ್ನ ಎರಡು ಮೊಣಕಾಲೂ ಪೂರ್ತಿ ಕಾಣುತ್ತಿದ್ದವು.

ಸ್ಕರ್ಟನ್ನು ಕೆಳಗೆ ಎಳೆದೆ. ಸೊಂಟದಿಂದ ಜಾರಿಸಿದೆ. ಊಹೂಂ… ಮೊಣಕಾಲಿನ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಬರಿದಾಗಿಯೇ ಉಳಿಯಿತು.

ಇದು ಅರವತ್ತರ ದಶಕದ ಮಾತು. ಜಯನಗರದ ಹೈಸ್ಕೂಲಿನಲ್ಲಿ ನಾನು ಹುಡುಗಿಯರ ಖೋಖೋ ಟೀಮಿನ ಕ್ಯಾಪ್ಟನ್. ಅದುವರೆಗೆ ನಾವೆಲ್ಲ ಲಂಗ ಎತ್ತಿ ಸಿಕ್ಕಿಸಿಕೊಂಡೇ ಆಡುತ್ತಿದ್ದೆವು.

ಆ ವರ್ಷ ಬೇರೆ ಸ್ಕೂಲಿನವರ ಜೊತೆ ಮ್ಯಾಚ್ ಗೊತ್ತಾಯಿತು. ಯೂನಿಫಾರಂ ಇಲ್ಲದಿದ್ದರೆ ಆಡಲು ಬಿಡುವುದಿಲ್ಲ ಎಂದರು. ನಮ್ಮ ಪಿ.ಟಿ. ಟೀಚರ್ ಲೀಲಾ ಮಿಸ್, ಹನ್ನೆರಡು ಜೊತೆ ಶರ್ಟು, ಎರಡು ಕಾಲಿಗೂ ಬೇರೆ ಬೇರೆಯಾಗಿ ಹೊಲಿಯುವ ಡಿವೈಡೆಡ್ ಸ್ಕರ್ಟಿಗೆ ಮೂರು ಕಡೆ ಕೊಟೇಷನ್ ಬರೆಸಿಕೊಂಡು ಬಾ ಎಂದು ನನ್ನನ್ನೇ ಕಳಿಸಿದರು.

ಒಂದು ಪೇಟೆಯ ಸ್ಪೋರ್ಟ್ಸ್ ಅಂಗಡಿಯದು. ಇನ್ನೊಂದು ನಮ್ಮ ಬ್ಲಾಕಿನ ದರ್ಜಿಯದು. ಮೂರನೆಯದು ಪಕ್ಕದ ಹಳ್ಳಿ ಇಟ್ಟಮಡುವಿನಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಮುನಿಯಪ್ಪನವರದು. ಅವರ ರೇಟು ಉಳಿದಿಬ್ಬರಿಗಿಂತ ಒಂದು ಜೊತೆಗೆ ಒಂದೂವರೆ ರೂಪಾಯಿ ಕಡಿಮೆ.

ಮಿಸ್ ಕೇಳಿದಾಗ ಹೆಮ್ಮೆಯಿಂದ ಮುನಿಯಪ್ಪನವರ ಚೀಟಿ ಮುಂದಿಟ್ಟೆ. ಅವರು ಸಹಿ ಹಾಕಿದರು.

ಈಗ ಅವರು ಮೊದಲು ಹೊಲಿದು ಕಳಿಸಿದ ಸ್ಯಾಂಪಲ್ ಸ್ಕರ್ಟ್ ತೊಟ್ಟು, ಆ ಮೂರು ಚೀಟಿಗಳನ್ನೂ ಮತ್ತೆ ಬಿಡಿಸಿದೆ. ಮೊದಲೆರಡರಲ್ಲಿ ಸ್ಕರ್ಟಿಗೆ ಎರಡು ಗಜ ಬಟ್ಟೆ ಎಂದಿತ್ತು. ಮುನಿಯಪ್ಪನವರದರಲ್ಲಿ ಒಂದೂವರೆ ಗಜ.

ನಾನು ನೋಡಿದ್ದು ಬರೀ ಕೊನೆಯ ಸಾಲಿನ ಮೊತ್ತ!

ನನಗೆ ಭಯವಾಗಿದ್ದು ನನ್ನ ಮೊಣಕಾಲಿನ ಬಗ್ಗೆ ಅಲ್ಲ. ವಾರಿಜಳ ಅಜ್ಜಿಯ ಬಗ್ಗೆ.

ವಾರಿಜ ನಮ್ಮ ಟೀಮಿನಲ್ಲೇ ಅತಿ ಚುರುಕಾಗಿ ಓಡುವವಳು. ತಾಯಿಯಿಲ್ಲದ ಹುಡುಗಿ, ಬೆಳೆಸಿದ್ದು ಅಜ್ಜಿ. ಸ್ಕರ್ಟು ಎಂದ ತಕ್ಷಣ ಆಟವೇ ಬೇಡ ಎಂದಿದ್ದರು. ನಾನೇ ಅವರ ಮನೆಗೆ ಹೋಗಿ, "ಮೊಣಕಾಲು ಮುಚ್ಚೇ ಮುಚ್ಚತ್ತೆ ಅಜ್ಜಿ, ನನ್ ಜವಾಬ್ದಾರಿ" ಎಂದು ಮಾತು ಕೊಟ್ಟು ಒಪ್ಪಿಸಿದ್ದೆ.

ಮಾರನೆಯ ದಿನ ಭಾನುವಾರ. ಕಾಫಿಯನ್ನೂ ಕುಡಿಯದೆ, ಬನಶಂಕರಿ ಗುಡಿ ದಾಟಿ ಹೊಲಗಳ ನಡುವೆ ಇಟ್ಟಮಡುವಿಗೆ ನಡೆದೆ. ಇನ್ನೂ ಕತ್ತರಿ ಹಾಕಿರದಿದ್ದರೆ ಸಾಕು, ಕತ್ತರಿ ಹಾಕಿರದಿದ್ದರೆ ಸಾಕು… ದಾರಿಯುದ್ದಕ್ಕೂ ಅದೊಂದೇ.

ಹನ್ನೆರಡನ್ನೂ ಒಟ್ಟಿಗೇ ಕತ್ತರಿಸಿ ಆಗಿತ್ತು.

"ಓಡೋ ಆಟ ಅಂದ್ರಲ್ಲ ಅಮ್ಮಣ್ಣಿ. ಕಾಲಿಗೆ ಬಟ್ಟೆ ತೊಡರ್ಕೋಬಾರ್ದು ಅಂತ ನಾನೇ ಉದ್ದ ಕಮ್ಮಿ ಹಿಡ್ದೆ. ಚೀಟೀಲಿ ಬರ್ದಿದ್ನಲ್ಲ" ಎಂದರು ಮುನಿಯಪ್ಪ. ಮೋಸ ಮಾಡುವ ಮನುಷ್ಯ ಅಲ್ಲ. ಬರೆದಿದ್ದರು, ನಿಜ. ನಾನು ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ಒಳಗಿಂದ ಅವರ ಹೆಂಡತಿ ಗೌರಮ್ಮ ಬಂದರು. ವಿಷಯ ಕೇಳಿ, ಕತ್ತರಿಸಿದ ನೀಲಿ ಬಟ್ಟೆಯನ್ನು ಎತ್ತಿ ನೋಡಿದರು. "ಕೆಳಗೊಂದು ಪಟ್ಟಿ ಕೊಟ್ರೆ ಆಯ್ತಪ್ಪ, ಅದಕ್ಯಾಕೆ ಅಳ್ತೀಯ ಮಗ?" ಎಂದು ಪೆಟ್ಟಿಗೆಯಿಂದ ಮರೂನ್ ಬಣ್ಣದ ಮೂರು ಗಜ ಬಟ್ಟೆ ತೆಗೆದರು. ಮಗಳ ಲಂಗಕ್ಕೆಂದು ತಂದಿಟ್ಟಿದ್ದಂತೆ.

ಸೋಮವಾರ ಲೀಲಾ ಮಿಸ್ ಎದುರು ಎಲ್ಲವನ್ನೂ ಹೇಳಿದೆ.

"ಮೂರು ಚೀಟೀನೂ ಪೂರ್ತಿ ಓದಿದ್ಯಾ ಶಾರದಾ?"

"ಇಲ್ಲ ಮಿಸ್."

"ನಾನೂ ಓದ್ಲಿಲ್ಲ" ಎಂದರು ಮಿಸ್. ಗೌರಮ್ಮನ ಬಟ್ಟೆಯ ದುಡ್ಡನ್ನು ಅವರೇ ಕೊಟ್ಟು ಕಳಿಸಿದರು.

ಪಟ್ಟಿ ಹಚ್ಚಿದ ಸ್ಕರ್ಟನ್ನು ಅಜ್ಜಿಗೆ ತೋರಿಸಿದೆ. ವಾರಿಜಳ ಸೊಂಟಕ್ಕೆ ಹಿಡಿದು ನೋಡಿ, "ಹೂಂ" ಎಂದರು. ಅಷ್ಟೇ. ಮ್ಯಾಚ್ ನೋಡಲು ನಾನೂ ಬರುತ್ತೇನೆ ಎಂದರು. ನಾನು ಪಟ್ಟಿಯನ್ನು ಇನ್ನೊಮ್ಮೆ ಕೆಳಗೆ ಎಳೆದು ನೋಡಿದೆ.

ಮ್ಯಾಚಿನ ದಿನ. ಅಟ್ಟಿಸಿಕೊಂಡು ಹೋಗುವವಳು ನಾನು. ಉಳಿದ ಎಂಟು ಜನ ಸಾಲಾಗಿ ಮಧ್ಯದಲ್ಲಿ ಕುಕ್ಕರಗಾಲಲ್ಲಿ ಕೂತರು.

ಕೂತದ್ದೇ ತಡ, ಎಂಟೂ ಸ್ಕರ್ಟುಗಳು ಪಟ್ಟಿ ಸಮೇತ ಮೇಲೆ ಸರಿದವು. ಹದಿನಾರು ಮೊಣಕಾಲು… ಊರಿಗೆಲ್ಲ ಕಾಣುವ ಹಾಗೆ.

ಲಂಗದಲ್ಲಿ ಪ್ರಾಕ್ಟೀಸ್ ಮಾಡಿದ್ದ ನಮಗೆ ಯಾರಿಗೂ ಇದು ಹೊಳೆದೇ ಇರಲಿಲ್ಲ. ಎರಡು ಗಜ ಹಾಕಿಸಿದ್ದರೂ ಆಗುತ್ತಿದ್ದದ್ದು ಇದೇ!

ವಿಷಲ್ ಆಯಿತು. ಓಡುತ್ತಿದ್ದೇನೆ, ಕಣ್ಣು ಮಾತ್ರ ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ. ಅಜ್ಜಿ ಎದ್ದು ನಿಂತರು. ಛತ್ರಿ ಊರಿಕೊಂಡು ಗೆರೆಯ ಹತ್ತಿರಕ್ಕೇ ಬರುತ್ತಿದ್ದಾರೆ. ಮೊಮ್ಮಗಳ ಕೈ ಹಿಡಿದು ಎಬ್ಬಿಸಿಕೊಂಡು ಹೋಗುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ.

"ಏನೇ ಶಾರದಾ!" ಅಜ್ಜಿಯ ದನಿ ಇಡೀ ಮೈದಾನಕ್ಕೆ ಕೇಳಿಸಿತು. "ಅವ್ಳು ಆಗ್ಲಿಂದ ಕೂತೇ ಇದಾಳಲ್ಲೇ! ಅವ್ಳಿಗ್ಯಾಕೆ ಖೋ ಕೊಡಲ್ಲ ನೀನು?"

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ವಾರಿಜಳ ಬೆನ್ನು ಮುಟ್ಟಿ, ಗಂಟಲು ಹರಿಯುವಂತೆ ಖೋ ಎಂದೆ.

ಎದ್ದವಳು ಒಬ್ಬರ ಹಿಂದೆ ಒಬ್ಬರಂತೆ ಇಬ್ಬರನ್ನು ಔಟ್ ಮಾಡಿದಳು. ಮ್ಯಾಚ್ ಮಾತ್ರ ಸ್ವಲ್ಪದರಲ್ಲಿ ಸೋತೆವು. ಅಜ್ಜಿ ಮನೆಯ ದಾರಿಯುದ್ದಕ್ಕೂ ಅಂಪೈರನ್ನು ಬೈಯುತ್ತಾ ಬಂದರು. ಸ್ಕರ್ಟಿನ ಮಾತು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ನಿಮ್ಮ ಮನೆಯಲ್ಲಿ ಮೊಟ್ಟಮೊದಲು ಆಟಕ್ಕೆ ಇಳಿದ ಹುಡುಗಿ ಯಾರು, ಅವಳು ಏನು ತೊಟ್ಟು ಆಡಿದಳು… ಯಾವತ್ತಾದರೂ ಕೇಳಿದ್ದೀರಾ?