ಅಂಕಿತವಿಲ್ಲದ ಕಲ್ಲು

ಅಕ್ಕನಾಗಮ್ಮನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮುಖ ನೋಡಬೇಕಿಲ್ಲ, ಅವಳು ಬಡಿದ ರೊಟ್ಟಿ ನೋಡಿದರೆ ಸಾಕು. ಸಮಾಧಾನದ ದಿನದ ರೊಟ್ಟಿ ದಪ್ಪಗೆ, ಮೆತ್ತಗೆ ಇರುತ್ತದೆ. ಸಿಟ್ಟಿನ ದಿನದ್ದು ಹಪ್ಪಳದಷ್ಟು ತೆಳ್ಳಗಾಗುತ್ತದೆ. ಗೃಹಪ್ರವೇಶಕ್ಕೆ ಮುಂಚಿನ ಆ ವಾರವಿಡೀ ಮನೆಮಂದಿಯೆಲ್ಲ ತೆಳ್ಳಗಿನ ರೊಟ್ಟಿಯನ್ನೇ ತಿಂದರು. ತಿಂದು, "ಭಾರಿ ಚೆಂದ ಬಂದಾವಲ್ಲ" ಎಂದು ಬಾಯಿ ಚಪ್ಪರಿಸಿದರು. ಇವತ್ತು ಯಾಕೆ ಹೀಗೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲಿಂದ ಬಂತು, ಯಾರು ಮಾಡಿದ್ದು ಎಂದು ಕೇಳುವ ಅಭ್ಯಾಸವೇ ಆ ಮನೆಯಲ್ಲಿ ತಪ್ಪಿಹೋಗಿತ್ತು. ಅವಳ ಸಿಟ್ಟಿಗೂ ಅದೇ ಕಾರಣ.

ದಾವಣಗೆರೆಯ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿ ಇಟ್ಟಿರುವ ಮಹಾಂತೇಶನ ಹೆಂಡತಿ ಅವಳು. ಬಿ.ಕಾಂ. ಮುಗಿಸಿ ಸೊಸೆಯಾಗಿ ಬಂದವಳಿಗೆ ಈಗ ಕಿವಿಯ ಪಕ್ಕ ಕೂದಲು ನೆರೆತಿದೆ. ಮನೆಯವರ ಹೊಟ್ಟೆ ನೋಡಿಕೊಳ್ಳುವುದು ಬೇರೆಯವರು ಅವಳಿಗೆ ಕೊಟ್ಟ ಕೆಲಸ. ಫ್ಯಾಂಟಸಿ ಕಾದಂಬರಿ ಓದುವುದು ಅವಳೇ ತನಗೆ ಕೊಟ್ಟುಕೊಂಡ ಕೆಲಸ. ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು, ಒಂದು ಕಣ್ಣು ಹಂಚಿನ ಮೇಲೆ, ಇನ್ನೊಂದು ಪರದೆಯ ಮೇಲೆ. ಹಾರುವ ಕೋಟೆಗಳು, ಮಾತಾಡುವ ಮರಗಳು, ನೆರಳನ್ನು ಮಾರಿಕೊಂಡ ರಾಣಿಯರು ಎಲ್ಲ ಆ ಅಡುಗೆಮನೆಗೆ ಬಂದು ಹೋಗಿದ್ದಾರೆ. ಮನೆಯವರು ಇದಕ್ಕೆಲ್ಲ ಸೇರಿಸಿ ಒಂದೇ ಹೆಸರಿಟ್ಟಿದ್ದರು, 'ರಕ್ಕಸರ ಪುಸ್ತಕ'.

"ಈ ವಯಸ್ಸಿನಾಗೆ ಸಣ್ಣ ಹುಡುಗ್ರಂಗೆ ರಕ್ಕಸರ ಕಥಿ ಓದ್ತಾಳೆ ನೋಡ್ರಿ" ಎಂದು ಮಹಾಂತೇಶ ಬಂದವರೆದುರೆಲ್ಲ ಎತ್ತಿ ಆಡುತ್ತಿದ್ದ. ಬಂದವರು ನಗುತ್ತಿದ್ದರು. ಅವಳು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು.

ಕಥೆ ಹಂಚಿಕೊಳ್ಳುವವರು ಮನೆಯಲ್ಲಿ ಸಿಗಲಿಲ್ಲ, ಫೋನಿನಲ್ಲಿ ಸಿಕ್ಕರು. 'ಮಾಯಾಲೋಕದ ಮಂದಿ' ಎಂಬ ವಾಟ್ಸಾಪ್ ಗುಂಪು. ಬೀದರಿನ ಔಷಧಿ ಅಂಗಡಿಯವನೊಬ್ಬ, ಕುಂದಾಪುರದ ನರ್ಸ್ ಒಬ್ಬಳು, ಕೋಲಾರದ ನಿವೃತ್ತ ರೈಲ್ವೆ ಗಾರ್ಡ್, ಹೀಗೆ ಊರೂರಿನವರು. ಭಾನುವಾರ ಬಂತೆಂದರೆ ಒಬ್ಬೊಬ್ಬರೂ ತಾವು ಓದಿದ್ದರಲ್ಲಿ ಮನಸ್ಸಿಗೆ ನಾಟಿದ ಒಂದು ಮಾತನ್ನು ಅಲ್ಲಿ ಇಡಬೇಕು. ಇಂಗ್ಲಿಷಿನದಾದರೆ ಕನ್ನಡ ಮಾಡಿ ಇಡಬೇಕು. ಆಮೇಲೆ ಇಡೀ ದಿನ ಅದರ ಮೇಲೆ ಜಗಳ, ನಗು, ಕಣ್ಣೀರು. ಆ ಗುಂಪಿನಲ್ಲಿ ಅಕ್ಕನಾಗಮ್ಮ ತಂದ ನಿಯಮವೊಂದಿತ್ತು. ಅಂಕಿತವಿಲ್ಲದೆ ಒಂದು ಸಾಲನ್ನೂ ಹಾಕಬಾರದು. ಯಾವ ಪುಸ್ತಕ, ಬರೆದವರು ಯಾರು, ಕಥೆಯಲ್ಲಿ ಆ ಮಾತು ಆಡಿದವರು ಯಾರು, ಕನ್ನಡಕ್ಕೆ ತಂದವರು ಯಾರು, ಎಲ್ಲ ಕೆಳಗೆ ಬರೆಯಲೇಬೇಕು.

ಅಂಕಿತದ ಪಾಠ ಅವಳಿಗೆ ಸಿಕ್ಕಿದ್ದು ಮಾವ ಉಜ್ಜನಪ್ಪನವರಿಂದಲೇ. ತಿಂಗಳಿಗೊಮ್ಮೆ ಮನೆಮನೆಯಲ್ಲಿ ಶರಣರ ಚಿಂತನೆ ನಡೆಸುವ ಹಿರಿಯರು ಅವರು. ಹೊಸ ಸೊಸೆ ಒಂದು ಸಂಜೆ ಪೂಜೆಯ ಹೊತ್ತಿಗೆ ವಚನ ಹೇಳುತ್ತಾ ಕೊನೆಯ ಅಂಕಿತವನ್ನು ಬಿಟ್ಟಾಗ ಅವರು ಕಣ್ಣು ತೆರೆದಿದ್ದರು.

"ಅಂಕಿತ ನುಂಗಬ್ಯಾಡ ತಾಯಿ. ಹೇಳಿದವರ ಗುರುತು ಅದು. ಅದನ್ನ ಬಿಟ್ರೆ ಕಳವು ಮಾಡಿದಂಗೆ."

ಆ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ, ಮಾವ ಎಂದರೆ ಇವರು ಎಂದು ಅವತ್ತೇ ಮನಸ್ಸಿನಲ್ಲಿ ಕೈ ಮುಗಿದಿದ್ದಳು.

ಗುಂಪಿನಲ್ಲಿ ಎಲ್ಲರಿಗಿಂತ ಹತ್ತಿರದವಳು ಶಹಜಾದಿ. ಹರಿಹರದ ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ತಾಯಿಯ ಜೊತೆಗಿದ್ದಾಳೆ. ದಾವಣಗೆರೆಯಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ, ಆದರೂ ಇಬ್ಬರೂ ಮುಖ ನೋಡಿಕೊಂಡವರಲ್ಲ. ಅಕ್ಕನಾಗಮ್ಮನ ಮನೆಯ ಹೆಂಗಸರು ಹರಿಹರಕ್ಕೆ ಹೋಗಬೇಕಾದರೆ ಒಂದು ಮದುವೆಯಾಗಬೇಕು, ಇಲ್ಲವೇ ಯಾರಾದರೂ ತೀರಿಕೊಳ್ಳಬೇಕು. ಒಂದು ಪುಸ್ತಕದ ಬಗ್ಗೆ ಮಾತಾಡಿ ಬರುತ್ತೇನೆ ಎಂದರೆ ಯಾರು ಕೇಳುತ್ತಾರೆ!

ಒಂದು ಭಾನುವಾರ ಶಹಜಾದಿ ಇಟ್ಟ ಸಾಲು ಇದು:

"ನನ್ನ ಹಸಿವಿಗೆ ದೇವರೆಂದು ಹೆಸರಿಟ್ಟೆ, ಊರನ್ನೆಲ್ಲ ಅದಕ್ಕೆ ಎಡೆಯಿಟ್ಟೆ. ಈಗ ಹಸಿವೆಂದು ಹೇಳಿಕೊಳ್ಳೋಣವೆಂದರೆ ಕೇಳುವವರೇ ಉಳಿದಿಲ್ಲ."

ಕೆಳಗೆ ಅಂಕಿತ: 'ಬೂದಿಬೆಟ್ಟದ ಕಾವಲು' ಕಾದಂಬರಿ, ಬರೆದವರು ಹಿಲ್ಡಾ ಮಾರ್ವಿಕ್, ಹೇಳಿದ್ದು ಮುದಿ ಘಟಸರ್ಪ, ಕನ್ನಡಕ್ಕೆ ಶಹಜಾದಿ, ಹರಿಹರ.

ಬೆಂಕಿ ಉಗುಳಿ ಒಂದು ರಾಜ್ಯವನ್ನೇ ಸುಟ್ಟು ತಿಂದ ಘಟಸರ್ಪ ಕೊನೆಗೆ ಬೂದಿಯ ಬೆಟ್ಟದ ಮೇಲೆ ಒಂಟಿಯಾಗಿ ಕೂತು ಆಡುವ ಮಾತು. ಇಂಗ್ಲಿಷಿನಲ್ಲಿ ಅದು ಸಪ್ಪೆಯಾಗಿತ್ತೆಂದು ಶಹಜಾದಿಯೇ ಹೇಳಿದಳು. 'ಎಡೆಯಿಟ್ಟೆ' ಎಂಬ ಮಾತು ಸಿಗಲು ವಾರವಿಡೀ ಒದ್ದಾಡಿದ್ದಳಂತೆ. ಅಕ್ಕನಾಗಮ್ಮ ಅದನ್ನು ಓದಿ ಹಂಚಿನ ಮೇಲಿನ ರೊಟ್ಟಿ ಸೀಯಿಸಿದಳು. ಅಂಕಿತದ ಸಮೇತ ತನ್ನ ಸ್ಟೇಟಸ್ಸಿಗೆ ಹಾಕಿದಳು.

ಹತ್ತು ದಿನ ಕಳೆದಿರಲಿಲ್ಲ, ಅದೇ ಸಾಲು ಚಿತ್ರದುರ್ಗದ ಚಿಕ್ಕಮ್ಮನಿಂದ 'ಶುಭೋದಯ' ಎಂದು ಅವಳಿಗೇ ವಾಪಸು ಬಂತು. ಹಿಂದೆ ಉರಿಯುವ ದೀಪ, ಪಕ್ಕದಲ್ಲಿ ತಾವರೆ. ಕೆಳಗಿದ್ದ ಅಂಕಿತ ಮಾಯ. ಅದರ ಜಾಗದಲ್ಲಿ 'ಶರಣರ ನುಡಿ' ಎಂದಿತ್ತು.

ಕತ್ತರಿ ಹಾಕಿದವನು ಮೈದುನ ಬಸವಕಿರಣ್. ಅವಳ ಸ್ಟೇಟಸ್ಸಿನಿಂದ ಎತ್ತಿ, ಬುಡ ಕತ್ತರಿಸಿ, ದೀಪ ಹಚ್ಚಿ ಊರಿಗೆಲ್ಲ ಹಂಚಿದ್ದ. ಅಷ್ಟಕ್ಕೇ ನಿಲ್ಲಲಿಲ್ಲ. ಉಜ್ಜನಪ್ಪನವರು ತಿಂಗಳ ಚಿಂತನೆಯಲ್ಲಿ ಅದನ್ನೇ ಹಿಡಿದು ಒಂದು ಗಂಟೆ ಮಾತಾಡಿದರು. ಕೇಳಿದವರು ತಲೆದೂಗಿದರು. ಶಾಮನೂರಿನ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ಮನೆಯ ಬಾಗಿಲ ಪಕ್ಕಕ್ಕೆ ಕರಿಕಲ್ಲಿನಲ್ಲಿ ಅದನ್ನೇ ಕೆತ್ತಿಸುವುದೆಂದೂ ತೀರ್ಮಾನವಾಯಿತು. ಅಕ್ಕನಾಗಮ್ಮನಿಗೆ ಇದೆಲ್ಲ ಗೊತ್ತಾಗುವ ಹೊತ್ತಿಗೆ ಆವರಗೆರೆಯ ಕಲ್ಲುಕೆಲಸದ ಹಾಲೇಶಪ್ಪ ಕೆತ್ತಿಯೂ ಆಗಿತ್ತು.

ಅವಳು ನೇರ ಪಡಸಾಲೆಗೆ ಬಂದಳು. ಮಾವ, ಗಂಡ, ಮೈದುನ ಮೂವರೂ ಅಲ್ಲೇ ಇದ್ದರು.

"ಮಾವ, ಅದು ಶರಣರ ನುಡಿ ಅಲ್ಲ್ರಿ. ಕಾದಂಬರಿಯೊಳಗೆ ಒಂದು ಘಟಸರ್ಪ ಹೇಳೋ ಮಾತು. ಕನ್ನಡ ಮಾಡಿದ್ದು ಹರಿಹರದ ಶಹಜಾದಿ. ನೋಡ್ರಿ ಇಲ್ಲಿ."

ಉಜ್ಜನಪ್ಪನವರು ಕನ್ನಡಕ ಏರಿಸಿ ಫೋನು ನೋಡಿದರು. ಮತ್ತೆ ಮತ್ತೆ ನೋಡಿದರು.

"ಇಂಥ ಮಾತು ರಕ್ಕಸರ ಪುಸ್ತಕದಾಗೆ ಹೆಂಗೆ ಬರ್ತೈತೆ? ಅವರೇ ಎಲ್ಲಿಂದನೋ ಕದ್ದಿರಬೇಕು."

"ವಚನ ಆಗಿದ್ರೆ ಅಂಕಿತ ಇರ್ತಿತ್ತಲ್ರಿ ಮಾವ. ಅಂಕಿತ ಎಲ್ಲೈತೆ ಅಂತ ನೀವು ಒಂದು ಸಲನಾದ್ರೂ ಕೇಳಿದ್ರೇನು?"

ಅವರು ಫೋನನ್ನು ಅವಳ ಕೈಗೆ ವಾಪಸಿಟ್ಟರು. ಬಸವಕಿರಣ್ ಹಲ್ಲು ಕಿರಿದ.

"ಅತ್ತಿಗೆ, ಕೆಳಗೆ ಅಷ್ಟುದ್ದ ಇತ್ತು, ಚೆಂದ ಕಾಣ್ತಿರಲಿಲ್ಲ, ಕಟ್ ಮಾಡಿದೆ. ಹರಿಹರದ ಶಹಜಾದಿ ಅಂತ ಹಾಕಿದ್ರೆ ನಮ್ಮ ಮಂದಿ ಯಾರು ಫಾರ್ವರ್ಡ್ ಮಾಡ್ತಿದ್ರು ಹೇಳ್ರಿ?"

ಅವಳ ಮೈಯೆಲ್ಲ ಉರಿದುಹೋಯಿತು. ತಪ್ಪು ಮಾಡಿದವನಿಗೆ ತಾನು ತಪ್ಪು ಮಾಡಿದೆ ಎಂಬ ಅರಿವೂ ಬೇಡವೇ? ಒಬ್ಬ ಹೆಂಗಸು ವಾರವಿಡೀ ಒದ್ದಾಡಿ ತಂದ ಮಾತು ಬೇಕು, ಅವಳ ಹೆಸರು ಮಾತ್ರ ಬೇಡ. ಊಟ ಬೇಕು, ಅಡುಗೆಯವಳು ಕಣ್ಣಿಗೆ ಬೀಳಬಾರದು. ಈ ರೂಢಿ ಅವಳಿಗೆ ಹೊಸದೇನಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

"ಒಂದು ಸಾಲಿಗೆ ಇಷ್ಟು ರಂಪ ಯಾಕ?" ಎಂದ ಮಹಾಂತೇಶ. "ಕಲ್ಲು ಕೂಡ್ರಿಸೋದು ಆಗೇತೆ. ಗೃಹಪ್ರವೇಶ ಮುಗಿಯೋ ತನಕ ಬಾಯಿ ಬಿಡಬ್ಯಾಡ."

ಉಜ್ಜನಪ್ಪನವರು ಆ ಕಲ್ಲು ಬೇಡ ಎನ್ನಬಹುದಿತ್ತು. ಅವರು ಕನ್ನಡಕ ಮಡಿಸಿ ಡಬ್ಬಿಗೆ ಹಾಕಿದರು, ಅಷ್ಟೇ.

ಅವಳು ಶಹಜಾದಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆಕೆ ಸಿಟ್ಟಾಗುತ್ತಾಳೆ, ಇಬ್ಬರೂ ಸೇರಿ ಬೈಯೋಣ ಎಂದುಕೊಂಡಿದ್ದಳು. ಶಹಜಾದಿ ಸಣ್ಣಗೆ ನಕ್ಕಳು.

"ಬಿಡ್ರಿ ಅಕ್ಕಾ. ಶಾಲೆ ಮ್ಯಾಗಜೀನಿನಾಗೂ ನಾನು ಬರೆದಿದ್ದು ಬ್ಯಾರೆಯವರ ಹೆಸರಿನಾಗೆ ಬರ್ತೈತೆ. ನನಗೆ ರೂಢಿ ಐತೆ. ನಿಮ್ಮ ಮನ್ಯಾಗೆ ಜಗಳ ಬ್ಯಾಡ."

ಬೈದಿದ್ದರೆ ತಡೆಯಬಹುದಿತ್ತು. ರೂಢಿ ಐತೆ ಎಂಬ ಆ ಮಾತನ್ನು ಮಾತ್ರ ಅಕ್ಕನಾಗಮ್ಮನಿಗೆ ತಡೆಯಲಾಗಲಿಲ್ಲ. ಆ ಹೆಸರು ಆ ಸಾಲಿನ ಕೆಳಗೆ ವಾಪಸು ಬರಲೇಬೇಕು, ಏನಾದರಾಗಲಿ ಎಂದು ಅವಳು ನಿಶ್ಚಯ ಮಾಡಿದಳು.

ಗೃಹಪ್ರವೇಶದ ದಿನ ಅಂಗಳ ತುಂಬ ಶಾಮಿಯಾನ, ಶಾಮಿಯಾನ ತುಂಬ ಜನ. ಮಂಡಿಪೇಟೆಯ ವ್ಯಾಪಾರಸ್ಥರು, ನೆಂಟರು, ಚಿಂತನೆಯ ಗೋಷ್ಠಿಯವರು. ಪೂಜೆ ಮುಗಿದ ಮೇಲೆ ಗೋಷ್ಠಿಯ ಹಿರಿಯರಾದ ರುದ್ರಮುನಿಯವರು ಮೈಕು ಹಿಡಿದು, "ಬಾಗಿಲ ಪಕ್ಕದ ನುಡಿಯನ್ನ ಮನೆ ಸೊಸಿ ಬಾಯಿಂದ ಕೇಳೋಣ. ಬರ್ರಿ ಅಕ್ಕನಾಗಮ್ಮ" ಎಂದು ಕರೆದರು. ಮನೆಯ ಸಮಾರಂಭಗಳಲ್ಲಿ ವಚನ ಹೇಳುವುದು ಯಾವಾಗಲೂ ಅವಳೇ. ಮಹಾಂತೇಶ ದೂರದಿಂದಲೇ ಕಣ್ಣು ಕೆಂಪಗೆ ಮಾಡಿದ.

ಅವಳು ಕಲ್ಲಿನ ಪಕ್ಕ ನಿಂತು ಸಾಲನ್ನು ಹೇಳಿದಳು. ರಾಗ ಎಳೆಯದೆ, ನಿಧಾನವಾಗಿ. ಜನ ಮೌನವಾಗಿ ಕೇಳಿದರು, ಒಬ್ಬಿಬ್ಬರು ಕೈ ಮುಗಿದರು. ಅಲ್ಲಿಗೆ ಮುಗಿಯಿತೆಂದು ರುದ್ರಮುನಿಯವರು ಮೈಕಿಗೆ ಕೈ ಚಾಚಿದರು. ಅವಳು ಕೊಡಲಿಲ್ಲ.

"ಅಂಕಿತ ಬಾಕಿ ಐತೆ" ಎಂದಳು. "ಪುಸ್ತಕ, ಬೂದಿಬೆಟ್ಟದ ಕಾವಲು. ಬರೆದವರು ಹಿಲ್ಡಾ ಮಾರ್ವಿಕ್. ಹೇಳಿದ್ದು ಒಂದು ಮುದಿ ಘಟಸರ್ಪ. ಕನ್ನಡಕ್ಕೆ ತಂದವರು ಶಹಜಾದಿ, ಹರಿಹರ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೈ ಮುಗಿದಿದ್ದವರು ಕೈ ಇಳಿಸಿದರು. "ಯಾವ ಸರ್ಪ?" ಎಂದು ಒಬ್ಬರು, "ಯಾರು ಹರಿಹರದಾಕಿ?" ಎಂದು ಇನ್ನೊಬ್ಬರು. ಮಹಾಂತೇಶ ಊಟಕ್ಕೆ ಏಳ್ರಿ, ಊಟಕ್ಕೆ ಏಳ್ರಿ ಎಂದು ಕೂಗತೊಡಗಿದ. ಹೋಳಿಗೆ ಬಡಿಸುವಾಗ ಪಂಕ್ತಿಯಲ್ಲಿ ಅದೇ ಮಾತು, ಅದೇ ನಗು.

ಮರುದಿನ ಬೆಳಿಗ್ಗೆಯೇ ಕಲ್ಲು ಗೋಡೆಯಿಂದ ಇಳಿಯಿತು. ಇಳಿಸಲು ಹೇಳಿದವರು ಉಜ್ಜನಪ್ಪನವರೇ.

"ಹಿತ್ತಲಾಗೆ ಬೋರಲು ಹಾಕ್ರಿ. ಬಟ್ಟಿ ಒಗಿಯಾಕಾಗ್ತೈತೆ."

ಮೊನ್ನೆ ಮೊನ್ನೆ ಅವರೇ ಒಂದು ಗಂಟೆ ವ್ಯಾಖ್ಯಾನ ಮಾಡಿದ ಮಾತು. ಒಂದಕ್ಷರವೂ ಬದಲಾಗಿರಲಿಲ್ಲ. ದೀರ್ಘ, ಒತ್ತು, ಎಲ್ಲ ಹಾಗೇ ಇದ್ದವು. ಬದಲಾಗಿದ್ದು ಒಂದೇ, ಅದನ್ನು ಯಾರು ಹೇಳಿದ್ದು, ಯಾರು ತಂದದ್ದು ಎಂದು ತಿಳಿದಿತ್ತು. ಹಾಗಾದರೆ ಇವರು ಕೈ ಮುಗಿದದ್ದು ಯಾವುದಕ್ಕೆ? ಅಕ್ಕನಾಗಮ್ಮ ಹಿತ್ತಲಿನ ಬಾಗಿಲಲ್ಲಿ ನಿಂತು ಮಾವನನ್ನು ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು. ಅಂಕಿತ ನುಂಗಬೇಡ ಎಂದು ಕಲಿಸಿದ ಮನುಷ್ಯ ಇವರೇ ಆಗಿದ್ದರು.

"ಮಾವ, ಆ ಕಲ್ಲು ನನಗೆ ಕೊಡ್ರಿ" ಎಂದಳು.

"ಏನ್ ಮಾಡ್ತೀ?"

"ಅಂಕಿತ ಹಾಕಿಸ್ತೀನಿ."

ಅವರು ಅವಳ ಕಣ್ಣು ತಪ್ಪಿಸಿ ಒಳಗೆ ಹೋದರು. ಬೇಡ ಎನ್ನಲಿಲ್ಲ. ಆ ಮನೆಯಲ್ಲಿ ಅವಳಿಗೆ ಸಿಕ್ಕ ಅನುಮತಿ ಎಂದರೆ ಅಷ್ಟೇ.

ಲಗೇಜ್ ಆಟೋದಲ್ಲಿ ಕಲ್ಲನ್ನು ಆವರಗೆರೆಗೆ ಒಯ್ದಳು. ಹಾಲೇಶಪ್ಪ 'ಶರಣರ ನುಡಿ' ಎಂಬುದನ್ನು ಉಜ್ಜಿ ತೆಗೆದು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಕೆತ್ತಿಕೊಟ್ಟ. ಆಮೇಲೆ ಮನೆಯಲ್ಲಿ ಯಾರನ್ನೂ ಕೇಳದೆ ಹರಿಹರದ ದಾರಿ ಹಿಡಿದಳು. ಮದುವೆಯಿರಲಿಲ್ಲ, ಯಾರೂ ಸತ್ತಿರಲಿಲ್ಲ.

ಬಾಗಿಲು ತೆರೆದ ಶಹಜಾದಿ ಅವಳು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದಳು. ಮೊದಲು ಅಕ್ಕನಾಗಮ್ಮನನ್ನು ನೋಡಿದಳು, ಆಮೇಲೆ ಆಟೋದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದ ಕಲ್ಲನ್ನು. ಕೆಳಗಿನ ಸಾಲಿನಲ್ಲಿ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು, ಅಳಿಸಿಹೋಗುತ್ತದೇನೋ ಎಂಬಂತೆ.

ಒಳಗಿನಿಂದ ಅವಳ ತಾಯಿ ಖತೀಜಾಬೀ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಮಂದ.

"ಯಾರವ್ವ ಬಂದಿದ್ದು? ಬರ್ರಿ, ಒಳಗೆ ಕೂಡ್ರಿ. ಏನು ಬರೆದೈತೆ ಅದರಾಗೆ?"

ಶಹಜಾದಿ ಓದಿ ಹೇಳಿದಳು. ಹಸಿವಿನ ಮಾತು, ಊರಿನ ಮಾತು, ಕೇಳುವವರು ಉಳಿದಿಲ್ಲ ಎಂಬಲ್ಲಿಗೆ ನಿಲ್ಲಿಸಿದಳು. ಮುದುಕಿ ಕೇಳಿದರು, "ಯಾರು ಹೇಳಿದ್ದು ಇದನ್ನ?"

"ಒಂದು ಘಟಸರ್ಪ, ಅಮ್ಮಿ. ಕಥಿಯೊಳಗೆ."

"ಪಾಪ" ಎಂದರು ಖತೀಜಾಬೀ. "ಆಮೇಲೆ ಅದಕ್ಕೆ ಯಾರಾದ್ರೂ ಸಿಕ್ಕರೇನು?"

ಇಡೀ ಶಾಮಿಯಾನದಲ್ಲಿ ಒಬ್ಬರ ಬಾಯಿಂದಲೂ ಬರದ ಪ್ರಶ್ನೆ. ವಾರವಿಡೀ ಹಲ್ಲು ಕಚ್ಚಿ ಹಿಡಿದಿದ್ದ ಅಕ್ಕನಾಗಮ್ಮ ಆ ಹೊಸ್ತಿಲ ಮೇಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಹೋಗಿ ಕೂತು, ಘಟಸರ್ಪದ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು.